ದೇವರ ಕಾಲ ಕೂಡಿ ಬರುವ ತನಕ ದಿನ ದಿನ ಮಾಡುವುದೇನು? ಬಲ್ಲವರು ತಿಳಿಸಿ

ಪ್ರಶ್ನೆ, ಬೇಲೂರು ಕಡೆಯಿಂದ:
ಎರಡು ಎಕರೆ ಅರೇಬಿಕಾ ಕಾಫಿ ಪೂರ್ತಿ ಬೋರರ್‌ಗೆ (ಕಾಂಡ ಕೊರೆಯುವ ಹುಳುವಿಗೆ) ಹೋಯಿತು. ಕಿತ್ತು ಸುಟ್ಟು ಮರುನಾಟಿ ಮಾಡಿ ಎರಡು ವರ್ಷ. ಬ್ಯಾಂಕಿನ ಸಾಲ ತಲೆ ಮೇಲಿದೆ. ಮನೆಯಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತಿದೆ, ಉತ್ತರ ಮಾತ್ರ ಇಲ್ಲ. ಕೇಳಿದವರೆಲ್ಲ ‘ದೇವರ ಕಾಲ ಕೂಡಿ ಬರಬೇಕು’ ಅನ್ನುತ್ತಾರೆ. ಅಲ್ಲಿಯ ತನಕ ನಾವು ಹೇಗಿರಬೇಕು?

ಮೂಡಿಗೆರೆಯಿಂದ:
ತಮ್ಮಾ, ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಅರೇಬಿಕಾ ಸಸಿ ನೆಟ್ಟ 3–4ನೇ ವರ್ಷ ಕಾಯಿ ತೋರಿಸುತ್ತದೆ, ಕೈಗೆ ಹತ್ತುವ ಫಸಲು 5–6ನೇ ವರ್ಷಕ್ಕೆ. ಎರಡನೇ ವರ್ಷ ಬರಿಗೈ ಅಂದರೆ ದೇವರು ತಡಮಾಡಿದ್ದಲ್ಲ, ಗಿಡಕ್ಕೆ ಇನ್ನೂ ವಯಸ್ಸಾಗಿಲ್ಲ. ಬೆಳೆಯ ಅವಧಿಯನ್ನೇ ದೇವರ ಮೌನ ಅಂದುಕೊಂಡು ಎದೆಗುಂದುವವರು ಬಹಳ.

ಮಾರ್ಚ್‌ನಲ್ಲಿ ಪಕ್ಕದ ಹಳೇ ತೋಟದ ಒಂದು ಕೊಂಬೆ ಬಗ್ಗಿಸಿ ನೋಡಿ. ಗಂಟುಗಂಟಿಗೂ ಸಣ್ಣ ಹಸಿರು ಮೊಗ್ಗು ಒತ್ತೊತ್ತಾಗಿ ಕೂತಿರುತ್ತವೆ, ವಾರಗಟ್ಟಲೆ ಬೆಳೆಯುವುದೇ ಇಲ್ಲ. ಒಂದಿಂಚು ಹೂಮಳೆ ಬಿದ್ದರೆ ಎಂಟು–ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನಾಲ್ಕು ಹನಿ ಉದುರಿ ನಿಂತರೆ ಅರೆಬರೆ ಉಬ್ಬಿ ಒಣಗುತ್ತವೆ. ಹೂವಾದ ಮೂರು–ನಾಲ್ಕು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಚ್ಚಲು ಎರಡನೇ ಮಳೆ ಬೇಕು, ಹೂವಿನಿಂದ ಹಣ್ಣಿಗೆ ಮತ್ತೆ 8–9 ತಿಂಗಳು. ಮಳೆ ದೇವರದ್ದು. ಮಳೆ ಬಂದ ದಿನ ಗಿಡದಲ್ಲಿ ಮೊಗ್ಗಿರಬೇಕಾದರೆ ಹಿಂದಿನ ವರ್ಷವೇ ಗೊಬ್ಬರ ಬಿದ್ದಿರಬೇಕು, ಬೇಡದ ಚಿಗುರು ತೆಗೆದಿರಬೇಕು. ಅದು ನಮ್ಮದು.

ನಿಮ್ಮ ಸಸಿಗಳಿಗೂ ಈಗಲೇ ಕೆಲಸವಿದೆ. ಮರಗಸಿಯಲ್ಲಿ (ನೆರಳಿನ ಮರದ ಕೊಂಬೆ ಸವರುವಾಗ) ಕೈ ಜೋರು ಮಾಡಬೇಡಿ, ಬಿಸಿಲು ನೇರ ಬೀಳುವ ಕಡೆಗೇ ಬೋರರ್ ದುಂಬಿ ಹೆಚ್ಚು ಬರುವುದು. ಅದು ಹಾರುವ ಕಾಲ ಏಪ್ರಿಲ್–ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮುಂಚೆ ಗಿಡಗಿಡವನ್ನೂ ನೋಡಿ: ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿ ತಿರುಗಿದ ಎಲೆ. ಕಂಡದ್ದನ್ನು ಬೇರುಸಮೇತ ಕಿತ್ತು ಅಂದೇ ಸುಡಿ. ಸೌದೆಗಾಗುತ್ತೆ ಎಂದು ಕೊಟ್ಟಿಗೆ ಹಿಂದೆ ಒಟ್ಟಿದರೆ ಒಳಗಿನ ಹುಳು ಅಲ್ಲೇ ದುಂಬಿಯಾಗಿ ತೋಟಕ್ಕೆ ವಾಪಸ್ ಬರುತ್ತದೆ.

ಚಿಕ್ಕಮಗಳೂರಿನಿಂದ:
ಮೇಲಿನವರ ಮಾತಿಗೆ ಬೈಬಲ್‌ನಿಂದ ಒಂದು ಸೇರಿಸುತ್ತೇನೆ. ಯೆರೆಮೀಯ 32ನೇ ಅಧ್ಯಾಯವನ್ನು ನಿಧಾನಕ್ಕೆ ಓದಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಆಗ ಅನಾತೋತಿನ ಹೊಲ ಕೊಂಡುಕೋ ಎಂದು ಅಪ್ಪಣೆ. ಬೆಲೆ 17 ಶೆಕೆಲ್ ಬೆಳ್ಳಿ. ಆತ ಮಾಡಿದ್ದನ್ನು ಗಮನಿಸಿ: ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ, ಕ್ರಯಪತ್ರಕ್ಕೆ ರುಜು ಹಾಕಿ ಮುದ್ರೆ ಒತ್ತಿದ, ಸಾಕ್ಷಿ ಹಾಕಿಸಿದ, ಮುಚ್ಚಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ನನಗೆ ಬಹಳ ಮುಖ್ಯ ಅನ್ನಿಸುವುದು ಮುಂದಿನದು. ಪತ್ರವನ್ನು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟ ಮೇಲೆ ಆತ ಪ್ರಾರ್ಥಿಸುತ್ತಾನೆ, ಊರು ವೈರಿಯ ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದೆಯಲ್ಲ ಎಂದು ದೇವರ ಮುಂದೆಯೇ ಬಿಚ್ಚಿ ಹೇಳುತ್ತಾನೆ. ಅನುಮಾನ ಬಂತೆಂದು ನೀವೂ ಪ್ರಾರ್ಥನೆ ಬಿಡಬೇಡಿ, ಅನುಮಾನವನ್ನೇ ಪ್ರಾರ್ಥನೆಯಲ್ಲಿ ಹೇಳಿ.

ಎಡವುವುದು ಎಲ್ಲಿ ಎಂದರೆ, ದೇವರಿಗೆ ನಾವೇ ಗಡುವು ಹಾಕುವಲ್ಲಿ. ಸಂತಾನದ ಮಾತು ಪಡೆದ ಅಬ್ರಹಾಮನಿಗೆ ಹಾರಾನ್ ಊರು ಬಿಟ್ಟಾಗ 75 ವರ್ಷ, ಮಗ ಇಸಾಕ ಹುಟ್ಟಿದಾಗ 100. ನಡುವೆ ಗಂಡ ಹೆಂಡತಿ ಕಾಯಲಾರದೆ ದಾಸಿ ಹಾಗರಳಿಂದ ಮಗು ಪಡೆಯುವ ದಾರಿ ಹಿಡಿದರು, ಆ ಮನೆಯ ಜಗಳ ಮುಗಿಯಲೇ ಇಲ್ಲ. ಒಂದು ನೋಟ್‌ಬುಕ್ ಇಡಿ. ಎಡಕ್ಕೆ ಈ ವಾರ ನಾನು ಮಾಡಬೇಕಾದ್ದು, ಬಲಕ್ಕೆ ದೇವರಿಗೆ ಬಿಟ್ಟದ್ದು. ಎಡಕ್ಕೆ ತಾರೀಖು ಬರೆಯಿರಿ, ಬಲಕ್ಕೆ ಬೇಡ. ಭಾನುವಾರ ಎಡಗಡೆಯದನ್ನು ಮಾತ್ರ ತಾಳೆ ನೋಡಿ.

ಹಾಸನದಿಂದ:
ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕದಲ್ಲಿ ‘ಮಾ ಫಲೇಷು ಕದಾಚನ’ ಎಲ್ಲರ ಬಾಯಲ್ಲೂ ಇದೆ. ಕೊನೆಯ ಪಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’, ಕೆಲಸ ಬಿಟ್ಟು ಕೂರುವುದಕ್ಕೂ ಅಂಟಿಕೊಳ್ಳಬೇಡ ಎಂದು. ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರವಿದೆ.

ಸಕಲೇಶಪುರದಿಂದ:
ಪ್ರಾರ್ಥನೆ ಒಣಗಿದ ದಿನಗಳಲ್ಲಿ ಹೊತ್ತು ಹೆಚ್ಚಿಸಬೇಡಿ, ಗಂಟೆ ಕೂರುತ್ತೇನೆಂದು ಹೊರಟವರು ವಾರದಲ್ಲಿ ಬಿಡುತ್ತಾರೆ. ಸಂಜೆ ದೀಪ ಹಚ್ಚಿದಾಗ ಹದಿನೈದು ನಿಮಿಷ, ಅದೇ ಜಾಗ, ಮನೆಯವರೆಲ್ಲ ಸೇರಿ. ಹರಕೆ ಹೊತ್ತರೆ ತೀರಿಸಲಾಗುವಷ್ಟೇ ಹೊರಿ, ಸಾಲ ತಂದು ತೀರಿಸುವ ಹರಕೆ ಬೇಡ. ಹಾಸನಾಂಬೆಯ ಬಾಗಿಲು ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆಯುತ್ತದೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತದೆ. ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿದೆ ಎಂದು ತಾಯಿ ಒಳಗಿಲ್ಲ ಅನ್ನುವವರನ್ನು ನಮ್ಮ ಕಡೆ ನೋಡಿದ್ದೀರಾ?

ಇನ್ನು ಸಾಲ. ಕಂತು ತಪ್ಪುವ ಮೊದಲೇ ಮ್ಯಾನೇಜರ್ ಹತ್ತಿರ ಹೋಗಿ, ಫಸಲು ಬರುವ ತನಕ ಬಡ್ಡಿ ಮಾತ್ರ ಕಟ್ಟಲು ಅವಕಾಶವಿದೆಯೇ ಎಂದು ಲಿಖಿತದಲ್ಲಿ ಕೇಳಿ. ತಪ್ಪಿದ ಮೇಲೆ ಹೋದರೆ ಮಾತಿಗೆ ಬೆಲೆ ಕಡಿಮೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೈಮುಗಿದೆ. ನಡುವೆ ಬೇರೆ ಆದಾಯಕ್ಕೆ ಕೈಹಾಕಿದರೆ ಅದು ಅಪನಂಬಿಕೆ ಆಗುತ್ತದೆಯೇ?

ಚಿಕ್ಕಮಗಳೂರಿನಿಂದ:
ಖಂಡಿತ ಇಲ್ಲ. ಅದೇ ಯೆರೆಮೀಯ 29ರಲ್ಲಿ, ಬಿಡುಗಡೆಗೆ 70 ವರ್ಷ ಇದೆ ಎಂದ ದೇವರೇ ಸೆರೆಹೋದವರಿಗೆ ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ ಅನ್ನುತ್ತಾನೆ.

ಮೂಡಿಗೆರೆಯಿಂದ:
ಸಿಲ್ವರ್ ಓಕ್ ಇದ್ದರೆ ಮೆಣಸು ಹಬ್ಬಿಸಿ, ಮೂರನೇ ವರ್ಷದಿಂದ ಕಾಳು ಕಾಣುತ್ತದೆ. ಮುಂಗಾರು ಹಿಡಿದ ಮೇಲೆ ಮರದ ಉತ್ತರ ಇಲ್ಲವೇ ಈಶಾನ್ಯ ಮಗ್ಗುಲಿಗೆ, ಬುಡದಿಂದ ಒಂದಡಿ ದೂರ ಗುಂಡಿ. ನೀರು ನಿಂತರೆ ಬಳ್ಳಿ ಸೊರಗುತ್ತದೆ, ಮೊದಲು ಬಸಿಗಾಲುವೆ ತೆಗೆಸಿ. ಬೇರು ಬಿಟ್ಟ ಬಳ್ಳಿಗೆ ನರ್ಸರಿಯಲ್ಲಿ ಈಗಲೇ ಹೇಳಿಡಿ, ಜೂನ್‌ನಲ್ಲಿ ಹೋದರೆ ಆರಿಸಿ ಉಳಿದದ್ದೇ ಸಿಗುವುದು.