ಲೇಸನ್ ಕ್ರೇಕ್‌ಗೆ ‘ಜಲಕುಕ್ಕುಟ’ ಸಲ್ಲದು

ಅಳಿದ ಹಕ್ಕಿಯೊಂದನ್ನೂ ಅದರ ಸಂಬಂಧಿಯನ್ನೂ ಪರಿಚಯಿಸುವ ಫಲಕ ಅಚ್ಚಿಗೆ ಹೋಗುವ ಮೊದಲು, ಅವನ್ನು ಕನ್ನಡದಲ್ಲಿ ಏನೆಂದು ಬರೆಯಬೇಕೆಂದು ಕೇಳಿದವರಿಗೆ ಉತ್ತರ ಇಷ್ಟೆ: ಅಳಿದ ಹಕ್ಕಿಗೆ ‘ಲೇಸನ್ ಕ್ರೇಕ್’, ಚಳಿಗಾಲದಲ್ಲಿ ನಮ್ಮಲ್ಲಿಗೂ ಬರುವ ಅದರ ದಾಯಾದಿಗೆ ‘ಬೇಲನ್ ಕ್ರೇಕ್’ ಎಂದು ಬರೆಯಿರಿ. ‘ಕ್ರೇಕ್’ ಎಂಬುದು ನೀರುಕೋಳಿಗಳ ಕುಟುಂಬದ ಪುಟ್ಟ ಹಕ್ಕಿಗಳಿಗೆ ಇಂಗ್ಲಿಷಿನಲ್ಲಿರುವ ಹೆಸರು. ಅಳಿದ ಹಕ್ಕಿಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಹೆಸರಾದ ‘ಲೇಸನ್ ರೈಲ್’ ಮಾತ್ರ ಬೇಡ. ಓದಿದವರು ಹಳಿ ಹುಡುಕುತ್ತಾರೆ.

‘ಜಲಕುಕ್ಕುಟ’ವನ್ನು ಸೂಚಿಸಿದ ಮಹನೀಯರು ಹಕ್ಕಿಯ ವಂಶವನ್ನು ನೋಡಿದರೇ ಹೊರತು ಬಾಳನ್ನು ನೋಡಲಿಲ್ಲ. ಜೊಂಡಿನ ಬುಡದಲ್ಲಿ ನುಸುಳುತ್ತ ಕೆಸರಿನಿಂದ ಹುಳು ಹೆಕ್ಕುವ ಬೇಲನ್ ಕ್ರೇಕ್‌ಗೆ ನೀರಿನ ಹೆಸರು ಒಪ್ಪುತ್ತದೆ. ಹವಾಯಿ ದ್ವೀಪಸಾಲಿನ ವಾಯವ್ಯದ ಲೇಸನ್‌ನಲ್ಲಿದ್ದ, ಸುಮಾರು 15 ಸೆಂಟಿಮೀಟರ್ ಉದ್ದದ, ಹಾರಲಾರದ ಆ ಹಕ್ಕಿಯಾದರೋ ಹುಲ್ಲುಪೊದೆಗಳ ನಡುವೆ ಓಡಾಡುತ್ತ ಪತಂಗ, ನೊಣಗಳನ್ನು ಹಿಡಿದು, ಕಡಲಹಕ್ಕಿಗಳ ಮೊಟ್ಟೆಗೂ ಬಾಯಿ ಹಾಕುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬಿಟ್ಟ ಮೊಲಗಳು 1923ರ ಹೊತ್ತಿಗೆ ದ್ವೀಪದ ಹಸಿರನ್ನೆಲ್ಲ ಮೇಯ್ದು ಮರಳು ಉಳಿಸಿದ್ದವು; ಅಲ್ಲಿ ಹಕ್ಕಿಗೆ ನೆಲೆಯೇ ಇಲ್ಲವಾಯಿತು. 1891ರಲ್ಲಿ ಅದೇ ದ್ವೀಪಸಾಲಿನ ಮಿಡ್‌ವೇಗೆ ಒಯ್ದು ಬಿಟ್ಟ ಹಕ್ಕಿಗಳ ಸಂತತಿಯನ್ನು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕೆಯಿಂದ 1943ರಲ್ಲಿ ಇಳಿದ ಇಲಿಗಳು ಮುಗಿಸಿದವು. 1944ರ ನಂತರ ಅದು ಯಾರ ಕಣ್ಣಿಗೂ ಬಿದ್ದಿಲ್ಲ.

‘ಹುಂಡುಕೋಳಿ’ ಎಂಬ ಸಲಹೆ ಕೇಳಲು ಹಿತ, ಆದರೆ ಊರಿನವರಿಗೆ ಅದು ಬಿಳಿ ಎದೆಯ ದೊಡ್ಡ ಹಕ್ಕಿ. ಒಡೆಯನಿರುವ ಹೆಸರನ್ನು ಕಿತ್ತು ಕೊಡಲಾಗದು.

‘ಕ್ರೇಕ್’ ಪರಭಾಷೆಯದೆಂಬ ಆಕ್ಷೇಪಕ್ಕೆ ನನ್ನಲ್ಲಿ ತಾಳ್ಮೆ ಇಲ್ಲ. ‘ಜಲ’ವಾಗಲಿ ‘ಕುಕ್ಕುಟ’ವಾಗಲಿ ಅಚ್ಚಗನ್ನಡವೇ? ಸಂಸ್ಕೃತದ ಎರವಲಿಗೆ ಮಣೆ ಹಾಕಿ ಇಂಗ್ಲಿಷಿನದನ್ನು ಬಾಗಿಲಲ್ಲೇ ತಡೆಯುವುದು ತತ್ವವಲ್ಲ, ರೂಢಿಬಿದ್ದ ಪಕ್ಷಪಾತ. ಇಲ್ಲಿ ಎರವಲಿಗೆ ಕಾರಣವೂ ಇದೆ: ಲೇಸನ್ ಹಕ್ಕಿ ಬೇಲನ್ ಕ್ರೇಕಿನ ಕುಲದಿಂದಲೇ ಕವಲೊಡೆದದ್ದೆಂದು ಡಿಎನ್‌ಎ ಅಧ್ಯಯನ ತೋರಿಸಿರುವಾಗ, ಒಂದಕ್ಕೆ ‘ಕುಕ್ಕುಟ’, ಇನ್ನೊಂದಕ್ಕೆ ‘ಕ್ರೇಕ್’ ಎಂದರೆ ಫಲಕ ಹೇಳಬೇಕಾದ ಸಂಬಂಧವೇ ಅಳಿಸಿಹೋಗುತ್ತದೆ.

ಫಲಕದ ಕರಡಿನಲ್ಲಿ ಲೇಸನ್ ಹಕ್ಕಿಗೆ ಬಳಸಿರುವ ‘ಅಳಿವಿನಂಚಿನ’ ಎಂಬುದನ್ನು ‘ಅಳಿದ’ ಎಂದು ತಿದ್ದಿ. ಅಂಚು ದಾಟಿ ಎಷ್ಟೋ ದಶಕವಾಯಿತು. ‘ಉಡ್ಡಯನರಹಿತ’ದ ಬದಲು ‘ಹಾರಲಾರದ’ ಸಾಕು. ಬೇಲನ್ ಕ್ರೇಕನ್ನು ‘ಪೂರ್ವಜ’ ಎನ್ನಬೇಡಿ. ಇಂದು ಬದುಕಿರುವ ಹಕ್ಕಿ ಪೂರ್ವಜವಾಗುವುದು ಹೇಗೆ? ‘ದಾಯಾದಿ’ ಎಂದೊಡನೆ ಆಸ್ತಿಜಗಳ ನೆನಪಾಗುವವರು ‘ಹತ್ತಿರದ ಸಂಬಂಧಿ’ ಎಂದು ಬರೆದುಕೊಳ್ಳಲಿ.