ಸಹಾಯ ಬೇಕು: ರಸ್ತೆ ಕೆಲಸದ ಕ್ಯಾಂಪ್, ಊರಿನ ಮಕ್ಕಳ ಸುರಕ್ಷತೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಪಕ್ಕ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿದೆ. ಹೈಸ್ಕೂಲಿಗೆ ಹೋಗುವ ದಾರಿಯಲ್ಲೇ ಕೆಲಸಗಾರರ ತಗಡಿನ ಶೆಡ್ಡುಗಳು ಎದ್ದಿವೆ. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಬರುವ ಹುಡುಗಿಯರಿಗೆ ಟಿಪ್ಪರ್‌ನವರು "ಗಾಡಿ ಹತ್ತು, ಮನೆಗೆ ಬಿಡ್ತೀವಿ" ಅಂತಾರಂತೆ. ಇಲ್ಲಿಯವರೆಗೆ ಕೆಟ್ಟದ್ದೇನೂ ಆಗಿಲ್ಲ. ಆಗುವವರೆಗೂ ಸುಮ್ನೆ ಕಾಯಬೇಕಾ?

ಉಗಾಂಡದ ಕಾಮ್ವೆಂಗೆ–ಫೋರ್ಟ್ ಪೋರ್ಟಲ್ ರಸ್ತೆಯ ಸುದ್ದಿ ನೆನಪಿದೆ ಅಲ್ವಾ? ಕೆಲಸಗಾರರು ಶಾಲೆ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ದೂರು ಬಂತು. 2015ರ ಡಿಸೆಂಬರ್‌ನಲ್ಲಿ ವಿಶ್ವಬ್ಯಾಂಕ್ ಆ ಯೋಜನೆಯ ಹಣವನ್ನೇ ರದ್ದು ಮಾಡಿತು. ಅಷ್ಟರಲ್ಲಿ ಆ ಮಕ್ಕಳಿಗೆ ಆಗಬಾರದ್ದು ಆಗಿಹೋಗಿತ್ತು.

ಹಾಗಂತ ಹೊರಗಿನಿಂದ ಬಂದವರೆಲ್ಲ ಕೆಟ್ಟವರು ಅಂತಲ್ಲ. ಶೆಡ್ಡಿನ ಪುಟ್ಟ ಮಕ್ಕಳನ್ನು ನೋಡಿದರೆ ಸಂಕಟ ಇನ್ನೂ ಜಾಸ್ತಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರನ್ನು ಕೇಳೋರೇ ಇಲ್ಲ.

ಮಕ್ಕಳ ಸಹಾಯವಾಣಿ 1098 ನಂಬರನ್ನು ಶಾಲೆ ಗೋಡೆಗೆ ಬರೆಸಿದ್ದೇವೆ. ಮುಂಚೆಯೇ ಇನ್ನೇನು ಮಾಡಬಹುದು ಹೇಳಿ. ಮಕ್ಕಳ ಗ್ರಾಮಸಭೆಗೆ ಕಂಟ್ರಾಕ್ಟರ್ ಕಡೆಯವರನ್ನು ಕರೆಸಿದ ಪಂಚಾಯಿತಿ ಯಾವುದಾದರೂ ಇದೆಯಾ? ಕೆಲಸಗಾರರಿಂದ ನಡವಳಿಕೆ ನಿಯಮಕ್ಕೆ ಸಹಿ ಹಾಕಿಸಿದವರಿದ್ದರೆ ಅದರ ಪ್ರತಿ ಕಳಿಸಿ. ಪಿಡಿಒಗೆ ಕೊಡುವ ಅರ್ಜಿಯ ಮಾದರಿ ಸಿಕ್ಕರೂ ಆಯ್ತು. ಹುಡುಗಿಯರ ಹೆಸರು, ಫೋಟೊ ಮಾತ್ರ ಯಾರೂ ಕೇಳಬೇಡಿ.