ಪದಚರ್ಚೆ: ಕೋಳಿ ಫೀಡಿನಲ್ಲಿ ‘ಬದಲಿ’ ಅಂದರೆ ಎಷ್ಟು, ‘ಜೋಳ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಬ್ರಾಯ್ಲರ್ ಕೋಳಿ ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸಾಕಾಣಿಕೆ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಫೀಡಿಗೇ ಹೋಗುತ್ತದೆ. ಫೀಡಿನಲ್ಲಿ ಜಾಸ್ತಿ ಇರುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಸೋಯಾ ಹಿಂಡಿ 2021ರಲ್ಲಿ ಎಷ್ಟು ತುಟ್ಟಿಯಾಯಿತೆಂದರೆ, 12 ಲಕ್ಷ ಟನ್ ಹೊರದೇಶದಿಂದ ತರಿಸಲು ಕೇಂದ್ರ ಸರ್ಕಾರವೇ ಒಪ್ಪಿಗೆ ಕೊಡಬೇಕಾಯಿತು. ಮೆಕ್ಕೆಜೋಳಕ್ಕೆ ಈಗ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಸುವ ಕಾರ್ಖಾನೆಗಳೂ ಪೈಪೋಟಿಗೆ ನಿಂತಿವೆ. ಹಾಗಾಗಿ ಸಜ್ಜೆ, ನುಚ್ಚಕ್ಕಿ, ತೌಡು, ಬೇರೆ ಬೇರೆ ಹಿಂಡಿಗಳ ಬಗ್ಗೆ ಒಂದು ಅಧ್ಯಾಯ ಬೇಕೇ ಬೇಕು. ಅಲ್ಲೇ ಪದಗಳ ತೊಡಕು ಶುರುವಾಗಿದೆ.

ಮೊದಲನೆಯದು ‘ಪರ್ಯಾಯ’. ಇಲಾಖೆಯ ಭಾಷೆಯಲ್ಲಿ ‘ಪರ್ಯಾಯ ಆಹಾರ ಪದಾರ್ಥಗಳು’ ಅನ್ನುತ್ತಾರೆ. ಉಡುಪಿ ಕಡೆ ಪರ್ಯಾಯ ಅಂದರೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಪೂಜೆಯ ಹಕ್ಕು ಪೂರ್ತಿ ದಾಟುವುದು. ‘ಬದಲಿ’ಯೂ ಹಾಗೇ. ಬದಲಿ ಮೇಷ್ಟ್ರು ಬಂದರೆ ಮೊದಲಿನವರು ಆ ತರಗತಿಯಲ್ಲಿ ಇರುವುದಿಲ್ಲ, ಅಲ್ವಾ? ಕೋಳಿ ಫೀಡಿನಲ್ಲಿ ಈ ಅರ್ಥ ಅಪಾಯ. ‘ಸೋಯಾ ಹಿಂಡಿಗೆ ಬದಲಿ ಹತ್ತಿಕಾಳಿನ ಹಿಂಡಿ’ ಎಂದು ಬರೆದರೆ, ಹಸುವಿಗೆಂದು ತಂದಿಟ್ಟ ಮೂಟೆಯನ್ನೇ ಬಿಚ್ಚಿ ಪೂರ್ತಿ ಸುರಿಯುವವರು ಇರುತ್ತಾರೆ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷ ಮೆಲುಕು ಹಾಕುವ ಹಸು ಎಮ್ಮೆಗೆ ಅಷ್ಟಾಗಿ ತಟ್ಟುವುದಿಲ್ಲ. ಕೋಳಿಮರಿಗೆ ತಟ್ಟುತ್ತದೆ. ಬೆಳವಣಿಗೆ ಕುಂಠಿತವಾಗುತ್ತದೆ, ತೂಕ ಸರಿಯಾಗಿ ಬರುವುದಿಲ್ಲ.

‘ಪೂರಕ’ ಅನ್ನೋಣವೆಂದರೆ ಆ ಪದ ಈಗಾಗಲೇ ವಿಟಮಿನ್, ಲವಣದ ಪುಡಿಗಳಿಗೆ ನಿಂತುಬಿಟ್ಟಿದೆ. ‘ಬೆರಕೆ’ ಅಂದರೆ ಮೋಸದ ವಾಸನೆ. ‘ಪಾಲು ಬದಲಿ’ ಅಂತ ಒಂದು ಹೊಳೆದಿದೆ, ನಿಮಗೆ ಹೇಗನಿಸುತ್ತದೆ? ನನ್ನ ಒಲವು ಮಾತ್ರ ಹೆಸರುಪದ ಬಿಟ್ಟು ಕೆಲಸವನ್ನೇ ಬರೆಯುವ ಕಡೆಗಿದೆ: ‘100 ಕೆಜಿ ಫೀಡಿನಲ್ಲಿ 55 ಕೆಜಿ ಮೆಕ್ಕೆಜೋಳ ಇದ್ದರೆ ಅದರಲ್ಲಿ 15 ಕೆಜಿ ತೆಗೆದು ಅಷ್ಟೇ ಸಜ್ಜೆ ಹಾಕಿ’. ಓದಿದವರಿಗೆ ಅನುಮಾನವೇ ಉಳಿಯುವುದಿಲ್ಲ.

ಇನ್ನು ‘ಜೋಳ’. ಮೈಸೂರು, ಚಾಮರಾಜನಗರದ ಕಡೆ ಮುಸುಕಿನ ಜೋಳ, ಧಾರವಾಡ, ಹಾವೇರಿಯಲ್ಲಿ ಗೋವಿನಜೋಳ, ಪುಸ್ತಕದಲ್ಲಿ ಮೆಕ್ಕೆಜೋಳ. ಬರೀ ‘ಜೋಳ’ ಅಂದರೆ ವಿಜಯಪುರ, ಕಲಬುರಗಿಯವರಿಗೆ ರೊಟ್ಟಿಯ ಜೋಳ. ‘ಜೋಳ 55 ಭಾಗ’ ಎಂದು ಸುಮ್ನೆ ಬರೆದರೆ ಎರಡು ಊರಲ್ಲಿ ಎರಡು ಫೀಡು ತಯಾರಾಗುತ್ತದೆ. ಬಿಳಿಜೋಳವೂ ಕೋಳಿಗೆ ಒಳ್ಳೆಯದೇ. ಆದರೆ ಮೆಕ್ಕೆಜೋಳದ ಹಳದಿ ಅದರಲ್ಲಿಲ್ಲ, ಕೋಳಿಯ ಕಾಲು, ಚರ್ಮ ಬಿಳಿಚಿಕೊಳ್ಳುತ್ತವೆ. ಕೊಳ್ಳುವವರು ಕಾಯಿಲೆ ಕೋಳಿ ಅಂದುಕೊಳ್ಳುತ್ತಾರೆ. ಕೆಂಪು, ಕಂದು ಬಣ್ಣದ ಕೆಲವು ಜೋಳಗಳಲ್ಲಿ ಒಗರು ಜಾಸ್ತಿ, ಅದು ಪ್ರೋಟೀನ್ ಅರಗಲು ಬಿಡುವುದಿಲ್ಲ. ತೆನೆ ಮಳೆಗೆ ಸಿಕ್ಕಿ ಕಾಳು ಕಪ್ಪಾದ ಮುಂಗಾರಿ ಜೋಳ ಕಡಿಮೆ ಬೆಲೆಗೆ ಕೋಳಿ ಫೀಡಿಗೆ ಬರುತ್ತದೆ. ಅದರಲ್ಲಿ ಬೂಷ್ಟಿನ ವಿಷ ಇರಬಹುದು, ನೋಡದೆ ಹಾಕಬಾರದು. ಈ ಕಪ್ಪಾದ ಜೋಳಕ್ಕೆ ಉತ್ತರ ಕರ್ನಾಟಕದ ಗೆಳೆಯರು ಏನನ್ನುತ್ತೀರಿ? ಎಚ್ಚರಿಕೆಯ ಮಾತು ಬರೆಯುವಾಗ ಅವರದೇ ಪದ ಬೇಕು.

ಮೂರನೆಯದು ಡಿಡಿಜಿಎಸ್. ಅಕ್ಕಿ, ಮೆಕ್ಕೆಜೋಳದಂಥ ಕಾಳಿನಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಪದಾರ್ಥ ಇದು, ಕೋಳಿ ಫೀಡಿಗೂ ಬಳಸುತ್ತಾರೆ. ಸೋಯಾ ಹಿಂಡಿಯನ್ನು ಗಾಣದಲ್ಲಿ ಹಿಂಡದೆ ದ್ರಾವಕ ಹಾಕಿ ಎಣ್ಣೆ ತೆಗೆದರೂ ‘ಹಿಂಡಿ’ ಅನ್ನುತ್ತೇವಲ್ಲ, ಇದನ್ನೂ ಹಾಗೆ ಕರೆಯಬಹುದೇ? ಹೆಸರು ಏನೇ ಇರಲಿ, ಮುಂದೆ ಕಾಳಿನ ಹೆಸರು ಇರಲೇಬೇಕು. ಅಕ್ಕಿಯದರಲ್ಲಿ ಪ್ರೋಟೀನ್ ಸುಮಾರು ಶೇಕಡಾ 45ರಷ್ಟು, ಮೆಕ್ಕೆಜೋಳದ್ದರಲ್ಲಿ ಶೇಕಡಾ 30ರೊಳಗೆ.

ಕೊನೆಯದು ರಾಮನಗರ, ಶಿಡ್ಲಘಟ್ಟದವರಿಗೆ. ನೂಲು ಬಿಚ್ಚಿದ ಮೇಲೆ ರೇಷ್ಮೆಗೂಡಿನೊಳಗೆ ಉಳಿಯುವ ಹುಳುವನ್ನೂ ಕೋಳಿ ಫೀಡಿಗೆ ಬಳಸುತ್ತಾರೆ. ಅದನ್ನು ಪಠ್ಯದಲ್ಲಿ ‘ಕೋಶ’ ಅಂತಾರೆ. ಕೋಳಿ ಸಾಕುವವರು ಅದನ್ನು ಜೀವಕೋಶ ಅಂದುಕೊಂಡರೆ ಕಷ್ಟ. ನಿಮ್ಮಲ್ಲಿ ದಿನವೂ ಆಡುವ ಪದ ಯಾವುದು? ಎಣ್ಣೆ ತೆಗೆದದ್ದಕ್ಕೂ ತೆಗೆಯದ್ದಕ್ಕೂ ಬೇರೆ ಹೆಸರಿದ್ದರೆ ಎರಡನ್ನೂ ತಿಳಿಸಿ. ಎಣ್ಣೆ ಇರುವುದು ಬೇಗ ಕಮಟು ಹಿಡಿಯುತ್ತದೆ, ಆದ್ದರಿಂದ ಕೈಪಿಡಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕಿದೆ.